ಪ್ರಕಟಣೆ ಹೊರಟ ಮೇಲಿನ ಕೆಲಸ

ಪ್ರಶ್ನೆ: ನನಗೆ 47 ವರ್ಷ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ 21 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪತ್ರಿಕಾ ಪ್ರಕಟಣೆ, ಸುದ್ದಿಗೋಷ್ಠಿ, ವಾರ್ಷಿಕ ಸಂಚಿಕೆ ಇವೆಲ್ಲ ಕರಗತ. ಈಗ ಆಸ್ಪತ್ರೆಯ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಖಾತೆಗಳನ್ನೂ ನನಗೇ ವಹಿಸಿದ್ದಾರೆ. ಕಳೆದ ತಿಂಗಳು ಮಧುಮೇಹ ತಪಾಸಣಾ ಶಿಬಿರದ ಪ್ರಕಟಣೆಯನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಫೇಸ್‌ಬುಕ್‌ಗೆ ಅಂಟಿಸಿದೆ; ಕನ್ನಡವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಯಿತು. ಗಾಬರಿಯಿಂದ ಅಳಿಸಿ, ಪ್ರಕಟಣೆಯ ಫೋಟೊ ತೆಗೆದು ಹಾಕಿದೆ. ಅದರ ಕೆಳಗೆ ಯಾರೋ ‘ಖಾಲಿ ಹೊಟ್ಟೆಯಲ್ಲಿ ಬರಬೇಕೇ, ತಿಂಡಿ ತಿಂದು ಬರಬಹುದೇ?’ ಎಂದು ಕೇಳಿದ್ದರು. ನಾನು ಅದನ್ನು ನೋಡಿದ್ದು ಶಿಬಿರ ಮುಗಿದ ಮೇಲೆ. ವಿಭಾಗದಲ್ಲಿರುವ 24 ವರ್ಷದ ಹುಡುಗಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ. ಅವಳನ್ನು ಕೇಳಲು ಸಂಕೋಚ. ಎಲ್ಲಿಂದ ಆರಂಭಿಸಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಖಾಲಿ ಹೊಟ್ಟೆಯ ಪ್ರಶ್ನೆಯಿಂದಲೇ ಆರಂಭಿಸಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಮನಸ್ಸು ನಿಂತದ್ದು ಅಲ್ಲಿಯೇ.

ನಾನು ಈ ಕೆಲಸಕ್ಕೆ ಸೇರಿದಾಗ ಪ್ರಕಟಣೆಯ ಲಕೋಟೆಗಳನ್ನು ಹಿಡಿದು ಎಂ.ಜಿ. ರಸ್ತೆ, ಕ್ವೀನ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯ ಪತ್ರಿಕಾ ಕಚೇರಿಗಳಿಗೆ ಸಂಜೆಯೊಳಗೆ ಮುಟ್ಟಿಸಬೇಕಿತ್ತು. ಪ್ರತಿ ಪ್ರಕಟಣೆಯ ಕೊನೆಯಲ್ಲಿ ‘ಹೆಚ್ಚಿನ ವಿವರಗಳಿಗೆ’ ಎಂದು ಬರೆದು ಒಂದು ದೂರವಾಣಿ ಸಂಖ್ಯೆ ಕೊಡುತ್ತಿದ್ದೆವು. ಮರುದಿನ ಬೆಳಿಗ್ಗೆ ಆ ಫೋನಿನ ಪಕ್ಕ ಕುಳಿತಿರುತ್ತಿದ್ದವಳು ನಾನು. ಬಸ್ ಯಾವುದು, ಚೀಟಿ ಬೇಕೇ, ಅತ್ತೆಯವರನ್ನೂ ಕರೆತರಬಹುದೇ ಎಂದು ಜನ ಕೇಳುತ್ತಿದ್ದರು. ಪ್ರಕಟಣೆಯಲ್ಲಿ ನಾನು ಏನನ್ನು ಬಿಟ್ಟಿದ್ದೆ ಎಂಬುದು ಆ ಕರೆಗಳಿಂದ ತಿಳಿಯುತ್ತಿತ್ತು.

ಆ ಫೋನು ಈಗ ಪೋಸ್ಟಿನ ಕೆಳಗೆ ಬಂದು ಕುಳಿತಿದೆ. ಅಂದು ಒಬ್ಬರಿಗೆ ಹೇಳಿದ ಉತ್ತರ ಅವರೊಬ್ಬರಿಗೇ ಆಗುತ್ತಿತ್ತು. ಇಂದು ಅದೇ ಅನುಮಾನವಿದ್ದು ಕೇಳದೆ ಸುಮ್ಮನಿರುವವರೂ ಓದುತ್ತಾರೆ. ಮೌನವನ್ನೂ ಅವರೆಲ್ಲ ನೋಡುತ್ತಾರೆ.

ಆ ಪ್ರಶ್ನೆಗೆ ಉತ್ತರಿಸಲು ನಿಮ್ಮ 21 ವರ್ಷಗಳ ಅನುಭವ ಬೇಕು ಎಂಬುದನ್ನೂ ಗಮನಿಸಿ. ಉಪವಾಸದ ಸಕ್ಕರೆ ಪರೀಕ್ಷೆಯಾದರೆ ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಎಚ್‌ಬಿಎ1ಸಿ ಎಂಬ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಪರೀಕ್ಷೆಗೆ ಆ ನಿಯಮವಿಲ್ಲ. ಶಿಬಿರದಲ್ಲಿ ಮಾಡುವುದು ಯಾವುದನ್ನು? ವೈದ್ಯರನ್ನು ಕೇಳಿ ಖಚಿತಪಡಿಸಿಕೊಂಡು, ಒಂದೇ ಸಾಲಿನಲ್ಲಿ ಬರೆಯಬೇಕು. ಅದು ನಿಮ್ಮ ಹಳೆಯ ವಿದ್ಯೆಯೇ. ಉತ್ತರವನ್ನು ಕಾಮೆಂಟಿನಲ್ಲಿ ಬರೆದು, ಮೂಲ ಪೋಸ್ಟನ್ನೂ ತಿದ್ದಿ ಅದೇ ಸಾಲನ್ನು ಸೇರಿಸಿ. ಯಾರಾದರೂ ತಮ್ಮ ಸಕ್ಕರೆಯ ಪ್ರಮಾಣವನ್ನೋ ಔಷಧದ ಹೆಸರನ್ನೋ ಅಲ್ಲಿ ಬರೆದು ಸಲಹೆ ಕೇಳಿದರೆ ಮಾತ್ರ ಎಲ್ಲರೆದುರು ಚರ್ಚಿಸಬೇಡಿ. ಆಸ್ಪತ್ರೆಯ ಸಂಖ್ಯೆ ಕೊಟ್ಟು ಕರೆ ಮಾಡಲು ಹೇಳಿ. ಶಿಬಿರಕ್ಕೆ ಮುಂಚಿನ ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟಕ್ಕೆ ಮೊದಲು ಕಾಮೆಂಟುಗಳನ್ನು ನೋಡಲೇಬೇಕು.

ಇನ್ನು ಅಕ್ಷರದ ತೊಂದರೆ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇರುವಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ, ಇಲ್ಲವೇ ಮೊಬೈಲಿನ ಕನ್ನಡ ಕೀಲಿಮಣೆಯಲ್ಲೇ ಬರೆಯಿರಿ. ಪ್ರಕಟಣೆಯ ಫೋಟೊ ಒಂದನ್ನೇ ಹಾಕುವುದನ್ನು ದಯವಿಟ್ಟು ಬಿಡಿ. ಫೋಟೊದೊಳಗಿನ ಅಕ್ಷರವನ್ನು ಪುಟ್ಟ ಪರದೆಯಲ್ಲಿ ಹಿಗ್ಗಿಸಿ ಓದುವ ತಾಳ್ಮೆ ಯಾರಿಗಿದೆ? ದೃಷ್ಟಿಹೀನರ ಮೊಬೈಲ್ ಪೋಸ್ಟನ್ನು ಓದಿ ಹೇಳುವಾಗ ಚಿತ್ರದೊಳಗಿನ ಬರಹ ತಪ್ಪಿಹೋಗಬಹುದು. ಮಧುಮೇಹದಿಂದಲೇ ಕಣ್ಣು ಮಂಜಾದವರೂ ಬರುವ ಶಿಬಿರದಲ್ಲಿ ಹೀಗಾಗಬಾರದು. ದಿನಾಂಕ, ಸ್ಥಳ, ವೇಳೆ ಅಕ್ಷರದಲ್ಲಿಯೂ ಇರಲಿ.

ಎಕ್ಸ್‌ನಲ್ಲಿ ಉಚಿತ ಖಾತೆಯ ಒಂದು ಪೋಸ್ಟಿಗೆ ಇರುವ ಮಿತಿ 280 ಅಕ್ಷರ. ಅಲ್ಲಿನ ಎಣಿಕೆ ನಮ್ಮ ಕಾಗುಣಿತದಂತಿಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಅಲ್ಲಿ ಆರು. ಸಕಾರ, ತಕಾರ, ರಕಾರ, ಒತ್ತಕ್ಷರ ಮೂಡಿಸುವ ಎರಡು ವಿರಾಮ ಚಿಹ್ನೆ, ‘ಈ’ಕಾರದ ಒಂದು ಚಿಹ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಇನ್ನೂ ಬಿಗಿಯಾಗಿ ಬರೆಯಬೇಕಾಗುತ್ತದೆ. ಇನ್‌ಸ್ಟಾಗ್ರಾಂ ಪೋಸ್ಟಿನ ವಿವರಣೆಯಲ್ಲಿ ಕೊಟ್ಟ ಕೊಂಡಿಯನ್ನು ಒತ್ತಿದರೆ ತೆರೆದುಕೊಳ್ಳುವುದಿಲ್ಲ. ನೋಂದಣಿಯ ಕೊಂಡಿಯನ್ನು ಖಾತೆಯ ಪರಿಚಯದಲ್ಲಿ ಇಡಿ.

ಸಂಕೋಚದ ಮಾತು. ಇನ್‌ಸ್ಟಾಗ್ರಾಂ ರೀಲ್ಸ್ ಎಂಬ ಪುಟ್ಟ ವಿಡಿಯೊಗಳು ಭಾರತಕ್ಕೆ ಬಂದದ್ದೇ 2020ರ ಜುಲೈನಲ್ಲಿ, ಟಿಕ್‌ಟಾಕ್ ನಿಷೇಧವಾದ ಕೆಲವೇ ದಿನಗಳಲ್ಲಿ. ನಿಮ್ಮ ಅನುಭವದ ಮುಂದೆ ಅದು ತೀರಾ ಎಳೆಯ ವಿದ್ಯೆ; ಅದನ್ನು ಯಾರಿಂದ ಕಲಿತರೂ ಅವಮಾನವಿಲ್ಲ. ನಾನು ಕಲಿತದ್ದು ನನಗಿಂತ 27 ವರ್ಷ ಕಿರಿಯನೊಬ್ಬನಿಂದ, ಅವನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು, 200 ಪುಟದ ನೋಟ್ ಪುಸ್ತಕದಲ್ಲಿ ಪ್ರತಿ ಗುಂಡಿಯ ಹೆಸರು ಬರೆದುಕೊಂಡು. ‘ಎಲ್ಲ ಹೇಳಿಕೊಡಪ್ಪ’ ಎಂದಾಗ ಅವನಿಗೂ ಎಲ್ಲಿಂದ ಹೇಳಬೇಕೆಂದು ತಿಳಿಯಲಿಲ್ಲ. ‘ಉದ್ದ ವಿಡಿಯೊದಲ್ಲಿ ಈ ಅರ್ಧ ನಿಮಿಷವನ್ನು ಹೇಗೆ ಕತ್ತರಿಸುವುದು?’ ಎಂದು ಕೇಳಿದ ದಿನ ಕಲಿತೆ. ಆ ಹುಡುಗಿಯನ್ನೂ ಹಾಗೆಯೇ, ದಿನಕ್ಕೊಂದು ಸಣ್ಣ ಸಂಗತಿ ಕೇಳಿ. ವೈದ್ಯರ ಮಾತನ್ನು ಅರ್ಥ ಕೆಡದಂತೆ ತಿಳಿಗನ್ನಡದಲ್ಲಿ ಬರೆಯುವುದನ್ನು ನೀವು ಅವಳಿಗೆ ಕಲಿಸಿ. ಅವಳಿಗೂ ಅದು ಬೇಕಾಗಿದೆ.

ಇದನ್ನು ಓದಿದ ದಿನವೇ ಆ ಹಳೆಯ ಪೋಸ್ಟನ್ನು ತೆರೆಯಿರಿ. ಕೇಳಿದವರ ಪ್ರಶ್ನೆ ಇನ್ನೂ ಅಲ್ಲಿಯೇ ಇರುತ್ತದೆ. ತಡವಾದದ್ದಕ್ಕೆ ಕ್ಷಮೆ ಕೇಳಿ, ಮುಂದಿನ ಶಿಬಿರ ಯಾವಾಗ, ತಿಂಡಿ ತಿಂದು ಬರಬಹುದೇ ಇಲ್ಲವೇ ಎಂದು ಬರೆಯಿರಿ.