ಲಿಂಫೋಮಾ ಮರುಕಳಿಸಿದೆ, ತಂದೆಯನ್ನು ಅಮೆರಿಕಕ್ಕೆ ಕರೆದೊಯ್ಯಬೇಕೆ?

ಸಿಂಧನೂರಿನಲ್ಲಿರುವ ನಿಮ್ಮ ತಂದೆಯವರಿಗೆ ಬಿ-ಸೆಲ್ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಮರುಕಳಿಸಿದೆಯೆಂದು ಹೈದರಾಬಾದಿನ ವೈದ್ಯರು ಹೇಳಿದ್ದಾರೆ, ಅಮೆರಿಕದ ಬಂಧುಗಳು ಅಲ್ಲಿಗೇ ಕರೆತನ್ನಿ ಎನ್ನುತ್ತಿದ್ದಾರೆ, ಅದಕ್ಕಾಗಿ ಹೊಲ ಮಾರಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯ ಅಣ್ಣನ ಕಾಗದಪತ್ರ ಹಿಡಿದು ಓಡಾಡಿದ ರಾಯಚೂರಿನವನು. ರೋಗಿಗಿಂತ ಮೊದಲು ಬಯಾಪ್ಸಿಯ ತುಣುಕು, ಅಂದರೆ ಪರೀಕ್ಷೆಗೆಂದು ಗಡ್ಡೆಯಿಂದ ತೆಗೆದ ಚೂರು, ಪ್ರಯಾಣ ಮಾಡಲಿ ಎಂಬುದು ನನ್ನ ಸಲಹೆ.

ಹಳೆಯ ವರದಿಯ ಜೆರಾಕ್ಸ್ ಮಾತ್ರ ನೋಡಿದ ಎರಡನೆಯ ವೈದ್ಯರು ಮೊದಲನೆಯವರ ಮಾತನ್ನೇ ಹೇಳಿಯಾರು, ಏಕೆಂದರೆ ಲಿಂಫೋಮಾದಲ್ಲಿ ಹತ್ತಾರು ಬಗೆಗಳಿದ್ದು, ಯಾವುದೆಂಬುದು ಮುಖ್ಯವಾಗಿ ಆ ತುಣುಕಿನ ಪರೀಕ್ಷೆಯಿಂದಲೇ ಗೊತ್ತಾಗಬೇಕು. ಆದ್ದರಿಂದ ಬಯಾಪ್ಸಿ ಮಾಡಿದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ತಂದೆಯವರ ಸಹಿಯುಳ್ಳ ಅರ್ಜಿ ಕೊಟ್ಟು ಗಾಜಿನ ಸ್ಲೈಡುಗಳನ್ನೂ ಆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಪಡೆಯಿರಿ. ಬ್ಲಾಕಿನ ಅಂಚಿನಲ್ಲಿರುವ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ಅದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾದೀತು. ಪೆಟ್ ಸ್ಕ್ಯಾನಿನ ಫಿಲ್ಮ್ ಸಾಲದು, ಸಿಡಿ ಬೇಕು. ಸತಾಯಿಸಿದರೆ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಪರಿಷತ್ತಿನ 2002ರ ನಿಯಮವನ್ನು ಅರ್ಜಿಯಲ್ಲೇ ಕಾಣಿಸಿರಿ. ಒಂದು ಕಡೆ ನಮಗೆ ಸಿಡಿ ಸಿಕ್ಕಿದ್ದು ಆ ಸಾಲು ಬರೆದ ಮೇಲೆಯೇ.

ಇವನ್ನು ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಾಗಲಿ ತೋರಿಸಿ. ರೋಗಿಯದೇ ಬಿಳಿ ರಕ್ತಕಣಗಳನ್ನು ತೆಗೆದು, ಕ್ಯಾನ್ಸರನ್ನು ಕೊಲ್ಲುವಂತೆ ಮಾರ್ಪಡಿಸಿ ಮತ್ತೆ ದೇಹಕ್ಕೆ ಸೇರಿಸುವ, ಹಿಂದೆ ವಿದೇಶಕ್ಕೇ ಹೋಗಬೇಕಾಗಿದ್ದ ಕಾರ್-ಟಿ ಚಿಕಿತ್ಸೆ ಈಗ ಇಲ್ಲೂ ಇದೆ: ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕದವರು ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತಿದ್ದು, ಅದರ ಬೆಲೆ ಅಮೆರಿಕದ ಬೆಲೆಯ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿದೆ. ಅದೂ ಲಕ್ಷಗಟ್ಟಲೆಯ ಮಾತೇ, ಮತ್ತು ನಿಮ್ಮ ತಂದೆಯವರಿಗೆ ಅದು ಸಲ್ಲುತ್ತದೆಯೇ ಎಂಬುದನ್ನು ಅಲ್ಲಿನ ವೈದ್ಯರೇ ಹೇಳಬೇಕು.

ಅಮೆರಿಕದ ಕೆಲವು ದೊಡ್ಡ ಆಸ್ಪತ್ರೆಗಳು ದಾಖಲೆ ನೋಡಿಯೇ ಲಿಖಿತ ಅಭಿಪ್ರಾಯ ಕೊಡುತ್ತವೆ. ಅಲ್ಲಿಗೆ ಬರೆಯುವಾಗ, ಭಾರತದಲ್ಲಿ ಸಿಗದ ಯಾವ ಔಷಧ ಅಥವಾ ಯಾವ ಕ್ಲಿನಿಕಲ್ ಟ್ರಯಲ್ (ಹೊಸ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪ್ರಯೋಗ) ನಮ್ಮ ತಂದೆಗೆ ಲಭ್ಯವಿದೆ ಎಂದು ನೇರವಾಗಿ ಕೇಳಿ. ಉತ್ತರದಲ್ಲಿ ನಿರ್ದಿಷ್ಟ ಹೆಸರು ಬಂದರೆ ಹೊಲದ ಮಾತು ಎತ್ತಬಹುದು; ಬರಿದೇ ಬನ್ನಿ ನೋಡೋಣ ಎಂದರೆ ಬೇಡ. ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯದು. ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹಣ ಕಳುಹಿಸಬಹುದಾದ್ದರಿಂದ ತೊಡಕು ನಿಯಮದಲ್ಲಿಲ್ಲ, ನಮ್ಮ ಕಿಸೆಯಲ್ಲಿದೆ.

ಆದರೆ ಇದೆಲ್ಲಕ್ಕೆ ಎಷ್ಟು ವಾರ ಕಾಯಬಹುದು, ಅಲ್ಲಿಯವರೆಗೆ ಯಾವ ಔಷಧ ನಡೆಸಬೇಕು ಎಂಬುದನ್ನು ಹೈದರಾಬಾದಿನ ವೈದ್ಯರಿಂದ ನಾಳೆಯೇ ಬರೆಸಿಕೊಳ್ಳಿ.