ಕಾರಿನೊಳಗಿನ ಪ್ರಾರ್ಥನೆ

ಅಮೆರಿಕದ ಯೂಟಾದಲ್ಲಿ ನಾನು ಆಪ್ತಸಲಹೆಗಾರ್ತಿ. ಇಲ್ಲಿ ನನ್ನ ಬಳಿ ಬರುವವರಲ್ಲಿ ಮಾರ್ಮನ್ನರೇ, ಅಂದರೆ ಮಾರ್ಮನ್ ಎಂಬ ಕ್ರೈಸ್ತ ಸಭೆಯವರೇ ಜಾಸ್ತಿ. ಪ್ರಾರ್ಥನೆ, ನಂಬಿಕೆಯ ಪ್ರಶ್ನೆ ಹೊತ್ತು ಬರುವ ಪ್ರಕರಣ ವರ್ಷಕ್ಕೊಂದಾದರೂ ಬರುತ್ತದೆ. ಇದೊಂದನ್ನು ಬರೆಯುತ್ತಿರುವುದು ಯಾಕೆಂದರೆ, ಇದರಲ್ಲಿ ತಪ್ಪಿದವಳು ನಾನು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಆ ಸಭೆಯಲ್ಲೇ. ತಾಯಿ ತೀರಿಕೊಂಡ ಮೇಲೆ ನಿದ್ದೆ ಹೋಯಿತು. ರಾತ್ರಿ ಎದ್ದು, ಗ್ಯಾರೇಜಿನಲ್ಲಿ ನಿಂತ ಕಾರಿನೊಳಗೆ ಕೂತು, ಪರಲೋಕದ ತಾಯಿಗೆ ಪ್ರಾರ್ಥನೆ ಮಾಡುತ್ತಿದ್ದರು. ಗಂಡನಿಗೆ ಗೊತ್ತಿಲ್ಲ.

ಇದರಲ್ಲಿ ಮುಚ್ಚಿಡುವಂಥದ್ದೇನು ಅಂತ ನಮಗೆ ಅನ್ನಿಸಬಹುದು. ಮಾರ್ಮನ್ನರಿಗೆ ತಂದೆ, ಮಗ, ಪವಿತ್ರಾತ್ಮ ಮೂವರೂ ಬೇರೆ ಬೇರೆ. ಪ್ರಾರ್ಥನೆ ತಂದೆಗೆ, ಯೇಸುವಿನ ಹೆಸರಿನಲ್ಲಿ. ಪರಲೋಕದಲ್ಲಿ ತಾಯಿಯೂ ಇದ್ದಾಳೆ ಅನ್ನುವುದೂ ಅವರ ಸಿದ್ಧಾಂತವೇ. 1845ರಲ್ಲೇ ಅವರ ಕವಯಿತ್ರಿ ಎಲೈಜಾ ಸ್ನೋ ಪದ್ಯದಲ್ಲಿ ಹಾಗೆ ಬರೆದಿದ್ದರು. ಇದ್ದಾಳೆ, ಆದರೆ ಕರೆಯುವ ಹಾಗಿಲ್ಲ. 2019ರಿಂದ ಹುಡುಗಿಯರು ಸಭೆಯ ತರಗತಿಯಲ್ಲಿ 'ನಾನು ಪರಲೋಕದ ತಂದೆತಾಯಿಯ ಪ್ರೀತಿಯ ಮಗಳು' ಅಂತ ಒಟ್ಟಾಗಿ ಹೇಳುತ್ತಾರೆ. ಆಕೆಯ ಮಗಳು ಅದನ್ನು ಹೇಳಿ ಬಂದು, "ಇಬ್ಬರಿದ್ದರೆ ಒಬ್ಬರ ಹತ್ತಿರ ಮಾತ್ರ ಯಾಕೆ ಮಾತಾಡಬೇಕು?" ಅಂತ ಕೇಳಿದ್ದಳು.

ನಾಲ್ಕನೆಯ ಭೇಟಿಯಲ್ಲಿ ನನ್ನ ಬಾಯಿ ಜಾರಿತು. "ನಮ್ಮಲ್ಲಿ ಚಾಮುಂಡಿ, ಬನಶಂಕರಿ, ಮಾರಮ್ಮ. ದಿನವೆಲ್ಲ ಅಮ್ಮಾ ಅಂತಲೇ ಕರೀತೀವಿ. ತಪ್ಪೇನು?" ಅಂದೆ.

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ನಿಮ್ಮ ಮನೆ. ಭಾನುವಾರ ನಾನು ಕೂರಬೇಕಾದ್ದು ನನ್ನ ಮನೆಯಲ್ಲಿ ಅಲ್ವಾ?" ಅಂದರು.

ಕ್ಷಮೆ ಕೇಳಿದೆ. ಧೈರ್ಯ ಹೇಳುತ್ತಿದ್ದೇನೆ ಅಂದುಕೊಂಡು ನನ್ನ ದೇವರನ್ನು ಆಕೆಯ ಮಡಿಲಿಗೆ ಹಾಕಿದ್ದೆ.

ಒಂದು ಹಾಳೆ ಕೊಟ್ಟೆ. ಇದು ತಪ್ಪು ಅಂತ ನಿಮಗೆ ಯಾರು ಯಾರು ಹೇಳಿದರು, ಬರೆಯಿರಿ ಅಂದೆ. ಅತ್ತೆ. ವಾರ್ಡಿನ, ಅಂದರೆ ಸ್ಥಳೀಯ ಸಭೆಯ, ಗೆಳತಿ. ಎಂದೋ ತೀರಿಹೋದ ಅಜ್ಜ. "ಇವರಲ್ಲಿ ಯಾರ ಮಾತು ನಿಮ್ಮ ಸಭೆಗೆ ಸಿದ್ಧಾಂತ?" ಆಕೆ ನಕ್ಕುಬಿಟ್ಟರು. ಯಾರದ್ದೂ ಅಲ್ಲ. ಬೈಬಲ್ ಅಲ್ಲದೆ ಅವರಿಗೆ ಇನ್ನೂ ಮೂರು ಗ್ರಂಥಗಳಿವೆ. ಜೊತೆಗೆ ಸಭೆಯ ಮುಖ್ಯಸ್ಥರಾದ ಬದುಕಿರುವ ಪ್ರವಾದಿ, ಅವರ ನಂತರದ ನಾಯಕರಾದ ಹನ್ನೆರಡು ಅಪೊಸ್ತಲರು. ಹಳೆಯ ನಾಯಕರ ಮಾತೆಲ್ಲ ಉಳಿಯುವುದೂ ಇಲ್ಲ. ಆದಾಮನೇ ದೇವರು ಎಂಬ, ಹಿಂದಿನ ಪ್ರವಾದಿ ಬ್ರಿಗಮ್ ಯಂಗ್ ಕಾಲದ ಬೋಧನೆಯನ್ನು 1976ರಲ್ಲಿ ಪ್ರವಾದಿ ಕಿಂಬಲ್ ತಳ್ಳಿಹಾಕಿದರು. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಆಕೆಯೇ.

ಕೊನೆಗೆ ಹಾಳೆಗೆ ಇನ್ನೊಂದು ಹೆಸರು ಸೇರಿತು. ಗಾರ್ಡನ್ ಹಿಂಕ್ಲಿ. ಪ್ರವಾದಿಯ ಸಲಹೆಗಾರರಾಗಿದ್ದಾಗ, 1991ರಲ್ಲಿ, ತಾಯಿಗೆ ಪ್ರಾರ್ಥಿಸುವುದು ಸರಿಯಲ್ಲ ಅಂದಿದ್ದರು. ಅಪೊಸ್ತಲ ರೆನ್‌ಲಂಡ್ 2022ರಲ್ಲಿ ಹೇಳಿದ್ದೂ ಪ್ರಾರ್ಥನೆ ತಂದೆಗೇ ಅಂತ. ಇದು ಗಟ್ಟಿ ಗೋಡೆ, ನಾನು ಇಲ್ಲ ಅಂದರೆ ಇಲ್ಲವಾಗುವುದಿಲ್ಲ. ಆದರೆ ಪ್ರಾರ್ಥಿಸದ ಮಾತ್ರಕ್ಕೆ ಆ ತಾಯಿಯನ್ನು ಕೀಳಾಗಿ ಕಂಡಂತಲ್ಲ ಅಂತಲೂ ಹಿಂಕ್ಲಿ ಹೇಳಿದ್ದರು. ಅತ್ತೆ ಆ ಮಾತನ್ನು ಬಿಟ್ಟು ಹೇಳಿದ್ದರು.

ನಾನು ಕೊಟ್ಟ ಸಲಹೆ ಇಷ್ಟೆ. ಪ್ರಾರ್ಥನೆ ಯಾರಿಗೆ ಅನ್ನುವುದನ್ನು ನನ್ನಿಂದ ತೀರ್ಮಾನ ಮಾಡಿಸಬೇಡಿ. ಮೊದಲು ಗಂಡನಿಗೆ ಹೇಳಿ. ಬಿಷಪ್ ಹತ್ತಿರ ಹೋಗುವುದಾದರೆ ಪ್ರಶ್ನೆ ಕೇಳಲು ಹೋಗಿ, ತಪ್ಪೊಪ್ಪಿಕೊಳ್ಳಲು ಅಲ್ಲ. ಮಗಳಿಗೆ, ನನಗೂ ಇದೇ ಪ್ರಶ್ನೆ ಇದೆ ಅಂತ ಹೇಳಿ.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ರೇಗಿದರು. ಆಕೆಯನ್ನು ಗೋಡೆಯೊಳಗೇ ಬಿಟ್ಟಿರಲ್ಲ ಅಂದರು. ಇರಬಹುದು. ಆದರೆ ಹೊರಗೆ ಬರುವ ಮನಸ್ಸು ಆಕೆಗಿರಲಿಲ್ಲ. ಬೇಕಾಗಿದ್ದು ನಿದ್ದೆ. ಒಳಕ್ಕೆ ಕರೆಯುವವರು, ಹೊರಕ್ಕೆ ಎಳೆಯುವವರು ಈ ಊರಲ್ಲಿ ಸಾಕಷ್ಟಿದ್ದಾರೆ. ನಾನೂ ಸುಮ್ನೆ ಅವರ ಜೊತೆ ಯಾಕೆ ಸೇರಲಿ?

ಗಂಡನಿಗೆ ಹೇಳಿದ್ದು ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತ. ಅವರು ಬೈಯಲಿಲ್ಲ. "ಈ ಚಳೀಲಿ ಕಾರಲ್ಲಿ ಯಾಕೆ ಕೂತಿದ್ದೆ?" ಅಂದರಂತೆ. ಈಗ ಪ್ರಾರ್ಥನೆ ಮಲಗುವ ಕೋಣೆಯಲ್ಲೇ. ಯಾರಿಗೆ ಅಂತ ನಾನು ಕೇಳಲಿಲ್ಲ.