ಅಂಗಿಯೊಳಗೆ ಕಾಣದಂತೆ ಇಟ್ಟುಕೊಳ್ಳಲು ಗ್ಲಾಕ್ 43ಎಕ್ಸ್ ಪಿಸ್ತೂಲು ಒಳ್ಳೆಯದೋ, ಸಿಗ್ ಪಿ365 ಒಳ್ಳೆಯದೋ? ಕೊಂಡ ಮೇಲೆ ಏನೇನು ಬದಲಿಸಬೇಕು?

ನೀವು ಅಮೆರಿಕದ ಟೆಕ್ಸಸ್‌ನ ಡಲ್ಲಾಸ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಈಗಷ್ಟೇ ಬಂದಿದೆ, ಕೈ ಚಿಕ್ಕದು, ತೆಳುವಾದ 9 ಎಂಎಂ ಪಿಸ್ತೂಲು ಬೇಕು. ಈ ಎರಡರಲ್ಲಿ ಯಾವುದು, ಆಮೇಲೆ ಹಗುರ ಟ್ರಿಗರ್, ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕೆ ತೋರುವ ಸಾಧನ), 15 ಗುಂಡಿನ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಎಲ್ಲ ಹಾಕಿಸಬೇಕೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯ ಇಷ್ಟೇ: ಎರಡೂ ಸರಿಯೇ, ಕೈಗೆ ಕೂತದ್ದನ್ನು ಕೊಳ್ಳಿ. ಕೈಗೆ ತಾಗುವುದನ್ನು, ಕಣ್ಣಿಗೆ ಕಾಣುವುದನ್ನು ಬೇಕಾದರೆ ಬದಲಿಸಿ. ಒಳಗಿನ ಸ್ಪ್ರಿಂಗು, ಟ್ರಿಗರ್‌ಗಳ ತಂಟೆಗೆ ಹೋಗಬೇಡಿ.

ಮೊದಲು ಕಾನೂನು, ಏಕೆಂದರೆ ಇದನ್ನು ಓದುವವರಲ್ಲಿ ಎಚ್-1ಬಿಯವರೇ ಹೆಚ್ಚಿರಬಹುದು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿ, ಎಲ್-1, ಎಫ್-1, ಎಚ್-4 ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಇದ್ದರೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ಅಂಥವರಿಗಾಗಿ ನೀವು ನಿಮ್ಮ ಹೆಸರಿನಲ್ಲಿ ಕೊಂಡು ಕೊಟ್ಟರೆ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬುವ 4473 ಎಂಬ ಫೆಡರಲ್ ಫಾರಂನಲ್ಲಿ ಸುಳ್ಳು ಬರೆದಂತಾಗುತ್ತದೆ, ಅದೂ ಅಪರಾಧ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ ಅರ್ಹರಿಗೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಕಡ್ಡಾಯವಲ್ಲ, ಆದರೂ ಎಲ್‌ಟಿಸಿ (ಬಂದೂಕು ಒಯ್ಯುವ ಟೆಕ್ಸಸ್ ಲೈಸೆನ್ಸ್) ಮಾಡಿಸಿಕೊಳ್ಳಿ. ಶಾಲೆಯಿಂದ 1,000 ಅಡಿಯೊಳಗೆ ಬಂದೂಕು ಒಯ್ಯಬಾರದೆಂಬ ಫೆಡರಲ್ ಕಾನೂನಿನಿಂದ ವಿನಾಯಿತಿ ಸಿಗುವುದು ಶಾಲೆ ಇರುವ ರಾಜ್ಯದ ಲೈಸೆನ್ಸ್ ಇದ್ದವರಿಗೆ. ಟೆಕ್ಸಸ್‌ನ ಎಲ್‌ಟಿಸಿ ಕ್ಯಾಲಿಫೋರ್ನಿಯ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್‌ಗಳಲ್ಲಿ ನಡೆಯುವುದಿಲ್ಲ.

ಇನ್ನು ಆಯ್ಕೆ. 2018ರಲ್ಲಿ ಬಂದ ಪಿ365ರ ಎತ್ತರ ಸುಮಾರು 109 ಮಿಲಿಮೀಟರ್, ನಳಿಗೆ 3.1 ಇಂಚು, ಚಪ್ಪಟೆ ತಳದ ಮ್ಯಾಗಜಿನ್‌ನಲ್ಲಿ 10 ಗುಂಡು. 2019ರಲ್ಲಿ ಬಂದ 43ಎಕ್ಸ್‌ನ ಎತ್ತರ 128, ನಳಿಗೆ 3.41 ಇಂಚು, ಅದರಲ್ಲೂ 10 ಗುಂಡು. ದಪ್ಪದಲ್ಲಿ ಎರಡೂ ಒಂದು ಇಂಚಿನ ಆಸುಪಾಸು. ಅಂಗಿಯ ಮೇಲೆ ಉಬ್ಬಾಗಿ ಕಾಣುವುದು ನಳಿಗೆಯಲ್ಲ, ಹಿಡಿಯ ತುದಿ. ಹಾಗಾಗಿ ಬಚ್ಚಿಡುವುದರಲ್ಲಿ ಪಿ365 ಮುಂದು. ಹೊಡೆಯುವಾಗ ಮಾತು ತಿರುಗಾಮುರುಗ: 43ಎಕ್ಸ್‌ನಲ್ಲಿ ಕಿರುಬೆರಳಿಗೂ ಜಾಗವಿದೆ, ಪಿ365ರ ಚಪ್ಪಟೆ ಮ್ಯಾಗಜಿನ್‌ನಲ್ಲಿ ಅದು ಗಾಳಿಯಲ್ಲಿ ನೇತಾಡುತ್ತದೆ. ಒಂದು ವ್ಯತ್ಯಾಸ ನೆನಪಿಡಿ: ಪಿ365ರಲ್ಲಿ ಸೀರಿಯಲ್ ನಂಬರ್ ಇರುವುದು ಒಳಗಿನ ಚಿಕ್ಕ ಲೋಹದ ಚೌಕಟ್ಟಿನ ಮೇಲೆ. ಕಾನೂನಿಗೆ ಅದೇ ಬಂದೂಕು. ಹೊರಗಿನ ಪ್ಲಾಸ್ಟಿಕ್ ಹಿಡಿಯನ್ನು ಯಾವ ಫಾರಂ ಇಲ್ಲದೆ ಕೊಂಡು, ಎಕ್ಸ್‌ಎಲ್ ಅಳತೆಯ ಹಿಡಿಗೆ 10 ನಿಮಿಷದಲ್ಲಿ ಬದಲಿಸಬಹುದು. ಆಗ 12 ಗುಂಡಿನ ಮ್ಯಾಗಜಿನ್ ಸರಿಯಾಗಿ ಕೂರುತ್ತದೆ. ಗ್ಲಾಕ್‌ನಲ್ಲಿ ಆ ಸೌಲಭ್ಯ ಇಲ್ಲ.

ಅಂಗಡಿಯವರಿಂದ ಮ್ಯಾಗಜಿನ್ ತೆಗೆಸಿ, ಸ್ಲೈಡ್ (ಮೇಲೆ ಹಿಂದೆಮುಂದೆ ಸರಿಯುವ ಭಾಗ) ತೆರೆಸಿ, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಖಾಲಿ ಇರುವುದನ್ನು ಕಣ್ಣಾರೆ ನೋಡಿ. ಆಮೇಲೆ ಪಿಸ್ತೂಲಿನ ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರುವಂತೆ ಹಿಡಿಯಿರಿ. ಹಾಗೆ ಹಿಡಿದಾಗ ತೋರುಬೆರಳಿನ ತುದಿಯ ಮೆತ್ತನೆ ಭಾಗದ ನಡು ಟ್ರಿಗರ್ ಮೇಲೆ ಕೂರಬೇಕು. ಬೆರಳು ಎಟುಕಿಸಲು ಅಂಗೈ ತಿರುಗಿಸಬೇಕಾದರೆ ಆ ಪಿಸ್ತೂಲು ನಿಮ್ಮದಲ್ಲ, ಗುಂಡು ಪಕ್ಕಕ್ಕೆ ಹೋಗುತ್ತದೆ. ಸ್ಲೈಡ್ ಎಳೆಯಲು ಬೆರಳ ತುದಿ ಸಾಲದು. ಎಡಗೈಯ ನಾಲ್ಕು ಬೆರಳೂ ಮೇಲಿನಿಂದ ಕವಿಚಿ ಹಿಡಿದು, ಬಲಗೈಯನ್ನು ಮುಂದಕ್ಕೆ ತಳ್ಳಿ. ಆಗಲೂ ಕಷ್ಟವಾದರೆ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಈಜೆಡ್ ನೋಡಿ. 8 ಗುಂಡು, ತುಸು ದೊಡ್ಡದು, ಆದರೆ ಸ್ಲೈಡ್ ಬೆಣ್ಣೆಯಂತೆ ಬರುತ್ತದೆ.

ಪಿಸ್ತೂಲು ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರು 20 ಡಾಲರಿನ ಬಟ್ಟೆಯ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಕೊಳ್ಳುವುದು ಯಾಕೋ ನನಗೆ ಅರ್ಥವಾಗಿಲ್ಲ. ಈ ಎರಡು ಪಿಸ್ತೂಲುಗಳನ್ನು ಹೆಚ್ಚಿನವರು ಒಯ್ಯುವುದು ಕೈಯಿಂದ ಹಾಕುವ ಸೇಫ್ಟಿ ಇಲ್ಲದೆ. ಟ್ರಿಗರ್ ಕಾಯುವುದು ಹೋಲ್‌ಸ್ಟರ್‌ನ ಗೋಡೆಯೇ. ನಿಮ್ಮ ಮಾಡೆಲ್‌ಗೇ ಅಚ್ಚು ಹಾಕಿದ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್ ತೆಗೆದುಕೊಳ್ಳಿ. ಖಾಲಿ ಪಿಸ್ತೂಲನ್ನು ಸಿಕ್ಕಿಸಿ, ಹಾಸಿಗೆಯ ಮೇಲೆ ತಲೆಕೆಳಗು ಮಾಡಿ ಅಲುಗಾಡಿಸಿ, ಬೀಳಬಾರದು. ಹೊರಗಿನಿಂದ ಟ್ರಿಗರ್ ಇರುವ ಕಡೆ ಹೆಬ್ಬೆರಳಿನಿಂದ ಒತ್ತಿ. ಒಳಗಿನ ಟ್ರಿಗರ್ ಮಿಸುಕಬಾರದು. ಬೆಲ್ಟಿಗೆ ಒತ್ತಿ ಹಿಡಿಯನ್ನು ಹೊಟ್ಟೆಯ ಕಡೆ ತಿರುಗಿಸುವ ಒಂದು ಚಿಕ್ಕ ರೆಕ್ಕೆ ಬರುತ್ತದೆ, ಅದು ಇರಲೇಬೇಕು. ಉಬ್ಬು ಅಡಗಿಸುವ ಅರ್ಧ ಕೆಲಸ ಅದರದ್ದೇ, ಉಳಿದರ್ಧ ಗಟ್ಟಿ ಬೆಲ್ಟಿನದು. ಹೋಲ್‌ಸ್ಟರ್‌ನ ಸ್ಕ್ರೂಗಳು ಸಡಿಲವಾಗುತ್ತವೆ, ನೀಲಿ ಲಾಕ್‌ಟೈಟ್ (ಸ್ಕ್ರೂ ಹಿಡಿದಿಡುವ ಅಂಟು) ಒಂದು ಹನಿ ಹಾಕಿ. ಸೀರೆ, ಚೂಡಿದಾರದವರಿಗೆ ಹೊಟ್ಟೆಪಟ್ಟಿ ಆಗುತ್ತದೆ. ಆದರೆ ಟ್ರಿಗರ್ ಮುಚ್ಚುವ ಕೈಡೆಕ್ಸ್ ಚಿಪ್ಪು ಇರುವುದೇ ಆಗಬೇಕು.

ಹೊಟ್ಟೆಯ ಮುಂಭಾಗದಲ್ಲಿ ಇಟ್ಟುಕೊಂಡರೆ ಬೇಗ ಕೈಗೆ ಸಿಗುತ್ತದೆ, ಬಗ್ಗಿದರೂ ಅಂಗಿ ಮೇಲೇಳುವುದಿಲ್ಲ. ನಮ್ಮವರಿಗೆ ತೊಂದರೆ ಬೇರೆ ಕಡೆ: ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ನಳಿಗೆಯ ತುದಿ ತೊಡೆಸಂದಿಗೆ ಒತ್ತುತ್ತದೆ, ಉದ್ದಂಡ ನಮಸ್ಕಾರವಂತೂ ಆಗದ ಮಾತು. ಅಂಥ ದಿನ ಬಲಸೊಂಟದ ಹಿಂಬದಿಗೆ ಇಡಿ, ಇಲ್ಲವೇ ಮನೆಯಲ್ಲೇ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಹೋಗಿ. ದೇವಸ್ಥಾನದ ಬಾಗಿಲಲ್ಲಿ ಟೆಕ್ಸಸ್ ಕಾನೂನಿನ 30.06 ಎಂಬ ನಿಷೇಧದ ಫಲಕವಿದ್ದರೆ ಎಲ್‌ಟಿಸಿ ಇದ್ದರೂ ಒಳಗೆ ಒಯ್ಯುವಂತಿಲ್ಲ. ಪಿಸ್ತೂಲನ್ನು ಹೋಲ್‌ಸ್ಟರ್‌ಗೆ ಮರಳಿ ಸಿಕ್ಕಿಸುವಾಗ ಅವಸರ ಬೇಡ. ಅಂಗಿಯ ತುದಿಯೋ ಜಾಕೆಟ್ಟಿನ ದಾರವೋ ಟ್ರಿಗರ್‌ಗೆ ಸಿಕ್ಕಿ ತೊಡೆಗೆ ಗುಂಡು ಬೀಳುವುದು ಆ ಕ್ಷಣದಲ್ಲೇ. ಹೋಲ್‌ಸ್ಟರ್ ಬಿಚ್ಚಿ, ಅದರೊಳಗೆ ಪಿಸ್ತೂಲು ಕೂರಿಸಿ, ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸುವುದು ಕ್ಷೇಮ.

ಈಗ ಬದಲಾವಣೆಗಳು. ಗ್ಲಾಕ್‌ಗೆ ಕಂಪನಿಯಿಂದ ಬರುವ ಪ್ಲಾಸ್ಟಿಕ್ ಸೈಟ್ (ಗುರಿ ನೋಡುವ ಗುರುತು) ತೆಗೆದು ಉಕ್ಕಿನದು ಹಾಕಿಸುವುದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಮುಂದಿನ ಸೈಟಿನ ಸ್ಕ್ರೂಗೆ 3/16 ಇಂಚಿನ ತೆಳುಗೋಡೆಯ ನಟ್ ಡ್ರೈವರ್ ಬೇಕು. ಹಿಂದಿನದಕ್ಕೆ ಸುತ್ತಿಗೆ ಎತ್ತಬೇಡಿ, ಅಂಗಡಿಯಲ್ಲಿ ಅದನ್ನು ತಳ್ಳಿ ಕೂರಿಸುವ ಸೈಟ್ ಪುಷರ್ ಇರುತ್ತದೆ. ಹಿಡಿ ಜಾರಿದರೆ ಅಂಟಿಸುವ ಪಟ್ಟಿ ಸಾಕು. ಸ್ಪಿರಿಟ್‌ನಿಂದ ಒರೆಸಿ, ಅಂಟಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಒತ್ತಿ. ರಬ್ಬರಿನದ್ದೇ ಕೊಳ್ಳಿ, ಮರಳುಕಾಗದದಂಥದ್ದು ಬೇಸಿಗೆಯಲ್ಲಿ ಸೊಂಟದ ಚರ್ಮ ಸುಲಿಯುತ್ತದೆ.

ರೆಡ್ ಡಾಟ್ ಬೇಕೆಂದಿದ್ದರೆ ಮೊದಲೇ 43ಎಕ್ಸ್‌ನ ಎಂಒಎಸ್ ಮಾದರಿ (ಡಾಟ್ ಕೂರಿಸಲು ಸ್ಲೈಡ್‌ನಲ್ಲಿ ಕಚ್ಚು ಇರುವುದು) ಕೊಳ್ಳಿ. ಆ ಕಚ್ಚು ಶೀಲ್ಡ್ ಕಂಪನಿಯ ಆರ್‌ಎಂಎಸ್‌ಸಿ ಡಾಟ್‌ನ ಅಳತೆಯದು. ಹೋಲೋಸನ್ ಕಂಪನಿಯ 507ಕೆ ಡಾಟ್ ನೋಡಲು ಅದೇ ಅಳತೆ ಅನ್ನಿಸಿದರೂ, ಸ್ಲೈಡ್‌ನ ಹಿಂದಿರುವ ಎರಡು ಚಿಕ್ಕ ಗೂಟಗಳಿಗೆ ಅದರಲ್ಲಿ ತೂತಿಲ್ಲ. ಗೂಟ ಉಜ್ಜಿ ತೆಗೆಯಬೇಕು, ಇಲ್ಲವೇ ನಡುವೆ ಅಡಾಪ್ಟರ್ ಪ್ಲೇಟ್ ಹಾಕಬೇಕು. ನನ್ನ ಮತ ಪ್ಲೇಟಿಗೆ, ಯಾಕೆಂದರೆ ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ. ಹೆಚ್ಚಿನವರು ಎಡವುವುದು ಸ್ಕ್ರೂನ ಉದ್ದದಲ್ಲಿ. ಬಲಗಡೆಯ ತೂತಿನ ಕೆಳಗೇ ಎಕ್ಸ್‌ಟ್ರ್ಯಾಕ್ಟರ್‌ನ (ಖಾಲಿ ಚಿಪ್ಪನ್ನು ಎಳೆದು ತೆಗೆಯುವ ಕೊಕ್ಕೆ) ಸ್ಪ್ರಿಂಗ್ ಓಡಾಡುವ ಕೊಳವೆ ಇದೆ. ಸ್ಕ್ರೂ ತುಸು ಉದ್ದವಾದರೂ ಅದಕ್ಕೆ ತಾಗಿ, ಹೊಡೆದ ಗುಂಡಿನ ಖಾಲಿ ಚಿಪ್ಪು ಹೊರಬರದೆ ಸಿಕ್ಕಿಕೊಳ್ಳುತ್ತದೆ. ಜನ ಮಾತ್ರ ಗುಂಡನ್ನು ಬೈಯುತ್ತಾರೆ. ಸ್ಕ್ರೂ ಬಿಗಿದ ಮೇಲೆ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆಯನ್ನು ಹೊರಕ್ಕೆ ತಳ್ಳಿ ಬಿಡಿ, ಮೊದಲಿನಂತೆ ಸಲೀಸಾಗಿ ಹಿಂದಕ್ಕೆ ಬರಬೇಕು. ಡಾಟ್‌ನ ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್ ಕೊಡಿ, ಸ್ಕ್ರೂನ ತಲೆಯಿಂದ ಡಾಟ್‌ನ ಮೈವರೆಗೆ ಬಿಳಿ ಪೇಂಟಿನ ಒಂದು ಗೀಟು ಎಳೆಯಿರಿ. ಗೀಟು ಮುರಿದು ಕಂಡರೆ ಸ್ಕ್ರೂ ತಿರುಗಿದೆ ಎಂದೇ.

15 ಗುಂಡಿನ ಉಕ್ಕಿನ ಮ್ಯಾಗಜಿನ್ ಅಂದರೆ ಶೀಲ್ಡ್ ಆರ್ಮ್ಸ್‌ನ ಎಸ್15. ಟೆಕ್ಸಸ್‌ನಲ್ಲಿ ಅಡ್ಡಿಯಿಲ್ಲ. ಆದರೆ ಉಕ್ಕು, ಮ್ಯಾಗಜಿನ್ ಹಿಡಿದಿಡುವ ಗ್ಲಾಕ್‌ನ ಪ್ಲಾಸ್ಟಿಕ್ ಕ್ಯಾಚನ್ನು ಸವೆಸುತ್ತದೆ, ಹಾಗಾಗಿ ಉಕ್ಕಿನ ಕ್ಯಾಚ್ ಹಾಕಬೇಕು. ಹಾಕಿದ ಮೇಲೆ ಅದು ಗ್ಲಾಕ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳನ್ನು ಸವೆಸುತ್ತದೆ. ರೇಂಜಿನಲ್ಲಿ (ಗುರಿ ಅಭ್ಯಾಸದ ಜಾಗ) ಬಳಸಲು ಸರಿ, ಸೊಂಟದಲ್ಲಿ ಕಂಪನಿಯ 10 ಗುಂಡಿನದ್ದೇ ಇರಲಿ.

ಟ್ರಿಗರ್ ಹಗುರ ಮಾಡಿಸುವುದು ಬೇಡವೇ ಬೇಡ. ಗುಂಡಿನ ತಳಕ್ಕೆ ಬಡಿಯುವ ಸ್ಟ್ರೈಕರ್‌ನ ಸ್ಪ್ರಿಂಗ್ ಮೆದುವಾದರೆ ಪ್ರೈಮರ್‌ಗೆ (ಅಲ್ಲಿರುವ ಕಿಡಿಮದ್ದು) ಪೆಟ್ಟು ಸಾಲದೆ ಗುಂಡು ಹಾರದೆ ಹೋಗಬಹುದು. ಒಳಗಿನ ಭಾಗ ಹೊಂದದಿದ್ದರೆ ಪಿಸ್ತೂಲು ಕೆಳಗೆ ಬಿದ್ದಾಗಲೂ ಹಾರಬಹುದು. ಭಯದಲ್ಲಿ ಬೆರಳಿಗೆ ಹದ ತಿಳಿಯದು, ಆಗ ಟ್ರಿಗರ್ ಭಾರವಿರುವುದೇ ಕ್ಷೇಮ.

ಸೊಂಟಕ್ಕೆ ಹೋಗುವ ಮುಂಚೆ 124 ಗ್ರೇನ್ (ಗುಂಡಿನ ತೂಕದ ಅಳತೆ) ಅಭ್ಯಾಸದ ಗುಂಡು 200, ಒಯ್ಯಲಿರುವ ಟೊಳ್ಳುಮೂತಿಯ ಗುಂಡು 50, ಒಂದೂ ಸಿಕ್ಕಿಕೊಳ್ಳದೆ ಹಾರಬೇಕು. ಚಿಪ್ಪು ಸ್ಲೈಡ್‌ನಲ್ಲಿ ನೆಟ್ಟಗೆ ನಿಂತರೆ ಮೊದಲು ಮಣಿಕಟ್ಟನ್ನು ಅನುಮಾನಿಸಿ. ಹಗುರ ಪಿಸ್ತೂಲು ಸಡಿಲ ಕೈಯಲ್ಲಿ ಇಡಿಯಾಗಿ ಹಿಂದಕ್ಕೆ ಹೋಗುತ್ತದೆ, ಸ್ಲೈಡ್‌ಗೆ ಪೂರ್ತಿ ಓಡುವ ಬಲ ಉಳಿಯುವುದಿಲ್ಲ. ಮ್ಯಾಗಜಿನ್ ಖಾಲಿಯಾದರೂ ಸ್ಲೈಡ್ ಹಿಂದೆ ನಿಲ್ಲದಿದ್ದರೆ ಸಾಮಾನ್ಯವಾಗಿ ನಿಮ್ಮ ಹೆಬ್ಬೆರಳು, ಸ್ಲೈಡನ್ನು ತಡೆದಿಡುವ ಸ್ಲೈಡ್ ಸ್ಟಾಪ್ ಮೇಲೆ ಕೂತಿರುತ್ತದೆ. ಡಾಟ್ 10 ಗಜಕ್ಕೆ ಗುರಿ ಕೂರಿಸಿ. ಎತ್ತಿದಾಗ ಕಾಣದಿದ್ದರೆ ಸಾಮಾನ್ಯವಾಗಿ ಮೂತಿ ಮೇಲಾಗಿರುತ್ತದೆ, ತುಸು ತಗ್ಗಿಸಿ.

ದಿನವೂ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಚೇಂಬರಿಗೆ ಹಾಕುತ್ತಿದ್ದರೆ, ಪ್ರತಿ ಸಲದ ಹೊಡೆತಕ್ಕೆ ಅದರ ಮೂತಿ ಚಿಪ್ಪಿನೊಳಗೆ ಕೂದಲೆಳೆಯಷ್ಟು ಕುಸಿಯುತ್ತದೆ, ಹೊಡೆದಾಗ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಕುಳ್ಳಗಾಗಿದ್ದರೆ ಬಳಸಬೇಡಿ. ಇದಕ್ಕಿಂತ ತುಂಬಿದ ಪಿಸ್ತೂಲನ್ನೇ ಹೋಲ್‌ಸ್ಟರ್ ಸಮೇತ ಬೀಗದ ಪೆಟ್ಟಿಗೆಯಲ್ಲಿಡುವುದು ವಾಸಿ. ಬೀಗ ಇರಲೇಬೇಕು: ತುಂಬಿದ ಬಂದೂಕು 17 ತುಂಬದ ಮಗುವಿನ ಕೈಗೆ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ.

ಕೊನೆಯದಾಗಿ, ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೊರಟಾಗ ಮುಟ್ಟಬೇಡಿ. ಬೇಟೆ ಜಾಕೆಟ್ಟಿನ ಜೇಬು, ಜೊತೆಗೆ ಒಯ್ಯುವ ಬೇರೆ ಬ್ಯಾಗಿನ ಹೊಲಿಗೆ ಸಂದಿ, ಒಂದೊಂದೂ ತಡವಿ ನೋಡಿ. ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಒಂದೇ ಒಂದು 9 ಎಂಎಂ ಗುಂಡು ಸಿಕ್ಕರೂ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು.